ಕೂಗುವ ಬಳೆ

"ಇನ್ನೊಂದ್ಸಲ ನಡೆದು ತೋರ್ಸಿ, ನೋಡೋಣ!" ಕಂಪನಿಯ ಯಜಮಾನ ಕೋಟಿನ ಗುಂಡಿ ತಿರುಚುತ್ತ ನಕ್ಕ.

ಎಂಜಿನಿಯರ್ ಹಲ್ಲು ಕಚ್ಚಿಕೊಂಡು ನಡೆದಳು. ಮೇಜಿನ ಮೇಲೆ, ತೆರೆದ ಡಬ್ಬಿಯಲ್ಲಿ, ಅವಳು ಆರು ವರ್ಷ ಒದ್ದಾಡಿ ಮಾಡಿದ ಕಪ್ಪು ಬಿಲ್ಲೆ. ಮಗುವಿನ ಅಂಗಿಗೆ ಸಿಕ್ಕಿಸುವಂಥದ್ದು, ಇದ್ದದ್ದು ಅದೊಂದೇ. ಅದರ ಜೋಡಿ ಬಳೆ ಅವಳ ಕೈಯಲ್ಲಿ. ಎರಡಕ್ಕೂ ತಂತಿಯಿಲ್ಲದ ನಂಟು. ಹತ್ತನೇ ಹೆಜ್ಜೆಗೆ ನಂಟು ಕಡಿಯಿತು, ಬಳೆ ಕಿರ್ರೆಂದು ಕೂಗಿತು. ಹಿಂದಕ್ಕೆ ಬಂದಳು, ಸುಮ್ಮನಾಯಿತು.

"ಥೇಟ್ ನಮ್ಮತ್ತೆ!" ಯಜಮಾನ ಮೂಗಿನಿಂದ ದನಿ ತೆಗೆದ. "'ಅಳಿಯಂದ್ರೇ, ಎಲ್ಲಿಗ್ ಹೊರಟ್ರೀ?' ಹತ್ತು ಹೆಜ್ಜೆ ಇಟ್ರೆ ಸಾಕು, ಶುರು!"

ಪಕ್ಕದ ಮ್ಯಾನೇಜರ್ ಬಿದ್ದು ಬಿದ್ದು ನಕ್ಕ. ಆಫೀಸಿನಲ್ಲಿ ಅವನಿಗೆ 'ಹೌದಪ್ಪ' ಎಂದೇ ಹೆಸರು.

"ಅದೇ ಸಾರ್ ಇದರ ಕೆಲಸ," ಅವಳ ದನಿ ಏರಿತು. "ಸಂತೇಲಿ ಮಗು ಕೈಬಿಟ್ಟು ಹೋದ್ರೆ ಅಮ್ಮನ ಬಳೆ ತಕ್ಷಣ ಕೂಗ್ಬೇಕು. ಊರಾಚೆ ಹೋದ್ಮೇಲೆ ಕೂಗಿ ಏನು ಬಂತು?"

"ಆಯ್ತು. ಬಿಲ್ಲೆ ಒಳಗೇನಿದೆ, ಬೋರ್ಡ್ ಮೇಲೆ ಬರೀರಮ್ಮ."

ಬರೆದಳು. ಬೆನ್ನ ಹಿಂದೆ 'ಪಟ್' ಎಂದಿತು. ನಟಿಕೆ ಮುರಿಯುತ್ತಿದ್ದಾನೆ, ಏನು ಸೊಕ್ಕು! ಒತ್ತಿದ ರಭಸಕ್ಕೆ ಪೆನ್ನಿನ ಮೂತಿಯೇ ಚಪ್ಪಟೆಯಾಯಿತು.

ತಿರುಗುವಷ್ಟರಲ್ಲಿ ಯಜಮಾನ ಎದ್ದು ನಿಂತಿದ್ದ. ಬಾಯಿ ತೆರೆದ ಕೋಟಿನಿಂದ ಹೊಟ್ಟೆ ಇಣುಕುತ್ತಿತ್ತು. ಅವಳ ಡಬ್ಬಿಯನ್ನು ತಾನೇ ಮುಚ್ಚಿ ಮುಂದೆ ತಳ್ಳಿದ. ಒಳಗೆ ಲೊಟಕ್ಕೆಂದಿತು.

"ತಗೊಂಡು ಹೋಗಿ. ಪುಕ್ಕಟೆ ಕೊಟ್ರೂ ಬೇಡ."

"ನಾಯಿಗೆ ಕಟ್ಟೋಕಾದ್ರೂ ಆಗುತ್ತೇನೋ ಸಾರ್," ಎಂದ ಹೌದಪ್ಪ.

"ಮೊದಲು ನಿಮ್ಮ ಯಜಮಾನ್ರಿಗೇ ಕಟ್ಟಬೇಕು!" ಡಬ್ಬಿ ಕಸಿದುಕೊಂಡು, ಬಾಗಿಲನ್ನು ದಡಾರನೆ ಬಡಿದು ಹೊರಟಳು.

ಹೊರಬಾಗಿಲು ತಲುಪುವ ಮೊದಲೇ ಬಳೆ ಕಿರ್ರೆಂದಿತು.

ಮೈಯೆಲ್ಲ ಉರಿದುಹೋಯಿತು. ಬಿಲ್ಲೆ ಡಬ್ಬಿಯಲ್ಲಿ, ಡಬ್ಬಿ ಕಂಕುಳಲ್ಲಿ, ಮತ್ತೆ ಇದಕ್ಕೇನು ಕೇಡುಗಾಲ? ಆರು ವರ್ಷ ನೀರಿನಲ್ಲಿ ಹೋಮ ಮಾಡಿದಂತಾಯಿತೆ? ಅವನಂದದ್ದೇ ನಿಜವೆ? ಬಳೆಯನ್ನು ಗೋಡೆಗೆ ಕುಟ್ಟಿದಳು, ಬೈದಳು. ಅದು ನಿಲ್ಲಲಿಲ್ಲ.

ಬಾಗಿಲ ಕಾವಲುಗಾರ ಕಿವಿ ಮುಚ್ಚಿಕೊಂಡ. "ಏನಮ್ಮ, ಒಳಗೇನಾದ್ರೂ ಬಿಟ್ಟು ಬಂದ್ರಾ?"

"ಏನೂ ಇಲ್ಲಪ್ಪ!" ಎಂದು ರೇಗಿದವಳು, ಆ ದರಿದ್ರ ಬಿಲ್ಲೆಯನ್ನು ನೆಲಕ್ಕೆ ಅಪ್ಪಳಿಸಿಯೇಬಿಡುವುದೆಂದು ಡಬ್ಬಿಯ ಮುಚ್ಚಳ ಕಿತ್ತಳು.

ಒಳಗಿದ್ದದ್ದು ನಾಲ್ಕು ತೂತಿನ ಕಪ್ಪು ಕೋಟುಗುಂಡಿ. ಕಿತ್ತ ದಾರ ಇನ್ನೂ ಅದರಿಂದ ನೇತಾಡುತ್ತಿತ್ತು.