ಜೊತೆಗಾರನ ಗಂಟು

ಮೌನಿ ಮತ್ತೆ ಹಗ್ಗಗಳ ಬಳಿ ಮಂಡಿಯೂರಿದ್ದ.

ತಾರಸಿಯ ಬಾಗಿಲ ಸಂದಿಯಿಂದ ಹೊಸಬ ಉಸಿರು ಬಿಗಿಹಿಡಿದು ನೋಡಿದ. ಅಕ್ಕಪಕ್ಕ ಎರಡು ಕೊಂಡಿ, ಎರಡು ಹಗ್ಗ, ಅಡ್ಡಲಾಗಿ ಮೌನಿಯ ಬೆನ್ನು. ಕೈ ಯಾವ ಗಂಟಿನ ಮೇಲಿದೆಯೆಂದು ಕಾಣಲಿಲ್ಲ. ಕಾಣಬೇಕಾಗಿಯೂ ಇರಲಿಲ್ಲ.

ಎತ್ತರದ ಕಟ್ಟಡಗಳ ಗಾಜು ಒರೆಸುವ ಕೆಲಸ. ಈ ತಂಡದಲ್ಲಿ ತನ್ನ ಹಗ್ಗವನ್ನು ಯಾರೂ ತಾನೇ ಕಟ್ಟಿಕೊಳ್ಳುವಂತಿಲ್ಲ. ನಿನ್ನದನ್ನು ಜೊತೆಗಾರ ಕಟ್ಟುತ್ತಾನೆ, ಅವನದನ್ನು ನೀನು. ಆ ಗಂಟನ್ನು ಎಳೆದು ನೋಡಿದರೆ ಕಟ್ಟಿದವನ ಮುಖಕ್ಕೆ ಉಗಿದ ಹಾಗೆ.

ಹೊಸಬನ ಊರಿನಲ್ಲಿ ಹೀಗಿರಲಿಲ್ಲ. ಅವರವರ ಹಗ್ಗ ಅವರವರಿಗೆ. ಮಲಗುವಾಗಲೂ ತಲೆದಿಂಬಿನಡಿ ಇಟ್ಟುಕೊಳ್ಳುತ್ತಿದ್ದರು.

ಆ ಮಧ್ಯಾಹ್ನ, ಬಾಯಿ ಬಿಡಿಸಲೆಂದೇ, ಅವನು ತನ್ನ ಬುತ್ತಿಯಲ್ಲಿ ಅರ್ಧ ಮೌನಿಗೆ ಕೊಟ್ಟ. ಮೌನಿ ಕೊನೆಯ ತುತ್ತಿನವರೆಗೂ ತಿಂದ. ಅವನನ್ನೇ ದಿಟ್ಟಿಸಿದ. ನಕ್ಕ. ಕುರಿಯನ್ನು ನೋಡಿ ಕಟುಕ ನಗುವ ಹಾಗೆ.

"ಅವನು ನಿಮ್ಮ ಗಂಟು ಸಡಿಲ ಮಾಡ್ತಿದ್ದಾನೇಂತ ಮೇಸ್ತ್ರಿಗೆ ಹೇಳಿ," ಎಂದಳು ಬಸುರಿ ಹೆಂಡತಿ, ಸಂಜೆ.

"ಮೇಸ್ತ್ರಿ ಅವನ ಭಾವ ಕಣೇ. ನನ್ನ ಜಾಗಕ್ಕೆ ಅವನ ತಮ್ಮ ಬರಬೇಕಿತ್ತಂತೆ."

"ಹಾಗಾದ್ರೆ ನಾಳೆ ಹೋಗಲೇಬೇಡಿ."

"ಹೋಗದೆ? ಗಾಳಿ ಕುಡಿದು ಹೆರ್ತೀಯಾ?"

ಮರುದಿನ ಇಬ್ಬರೂ ಗಂಟು ಹಾಕಲು ಕೂತರು. ಹೊಸಬನ ಬೆರಳುಗಳು ಮೌನಿಯ ಹಗ್ಗವನ್ನು ಸುತ್ತುತ್ತಿದ್ದವು. ಕಣ್ಣು ಮಾತ್ರ, ಎಂದಿನಂತೆ, ಮೌನಿಯ ಬೆರಳುಗಳ ಮೇಲೆ.

ಮೌನಿ ನೀರು ತರಲು ಹೋದ. ಹೊಸಬ ಸರಕ್ಕನೆ ಮೌನಿಯ ಹಗ್ಗವನ್ನೇ ತನ್ನ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡ. ತಾನೇ ಕಟ್ಟಿದ ಗಂಟು. ತನ್ನ ಕೈಯನ್ನು ತಾನೇ ಅನುಮಾನಿಸುವುದುಂಟೆ? ಹಾಳು ಕೆಲಸ ಮಾಡಿದವನು ತಾನೇ ಅದಕ್ಕೆ ನೇತುಬೀಳಲಿ.

ಮೌನಿ ಬಕೆಟ್ ಇಳಿಸಿ, ಉಳಿದ ಹಗ್ಗವನ್ನು ನೋಡಿದ.

"ಅದಲುಬದಲಾಯ್ತಲ್ಲೋ."

"ಯಾವುದಾದ್ರೇನಣ್ಣ?" ಹೊಸಬ ಸೊಂಟದ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡ.

"ಅದೂ ಸರಿ ಬಿಡು. ಇವತ್ತಿಂದ ಎರಡೂ ಒಂದೇ."

ಗಂಟು ಹಾಕಿದ ಮೇಲೆ ಅಂದು ಮೌನಿ ಕೊಂಡಿಗಳ ಹತ್ತಿರವೂ ಸುಳಿಯಲಿಲ್ಲ. ಮಾಡುವುದನ್ನು ಆಗಲೇ ಮಾಡಿ ಮುಗಿಸಿರಬೇಕು.

ಇಳಿದರು. ಪಾದದಡಿ ಬಸ್ಸುಗಳು ಬೆಂಕಿಪೊಟ್ಟಣದಷ್ಟಿದ್ದವು. ಹೊಸಬ ಗಾಜು ಒರೆಸುತ್ತಿರಲಿಲ್ಲ. ಪಕ್ಕದ ಹಗ್ಗವನ್ನೇ ನೋಡುತ್ತಿದ್ದ. ಈಗ ಜಾರುತ್ತದೆ. ಇದೋ, ಈಗ.

ಜಾರಲಿಲ್ಲ. ಮೌನಿಯ ಭಾರಕ್ಕೆ ಅದು ಕಬ್ಬಿಣದ ಸರಳಿನಂತೆ ನೆಟ್ಟಗೆ ನಿಂತಿತ್ತು.

"ತಮ್ಮಾ," ಎಂದ ಮೌನಿ, ಗಾಜು ಒರೆಸುತ್ತಲೇ. "ಬೇಜಾರು ಮಾಡ್ಕೋಬೇಡ. ನೀನು ಹಾಕೋ ಗಂಟು ಸಡಿಲ. ಎಲ್ಲರೆದುರು ನಿನ್ನ ಮರ್ಯಾದೆ ಹೋಗಬಾರದೂಂತ ದಿನಾ ಕದ್ದು ಹೋಗಿ ನಾನೇ ಬಿಗಿ ಮಾಡ್ಕೋತಿದ್ದೆ."

ಹೊಸಬನ ಕೈಯಿಂದ ಬಟ್ಟೆ ಜಾರಿತು. ತುಂಬ ಹೊತ್ತು ಬೀಳುತ್ತಲೇ ಇತ್ತು.

"ಇವತ್ತು?"

ಮೌನಿ ನಕ್ಕ. ಅದೇ ನಗೆ.

"ಇವತ್ತು ಮುಟ್ಟಲಿಲ್ಲ ಕಣೋ. ನಿನ್ನೆ ಬುತ್ತಿ ಹಂಚಿಕೊಂಡೆಯಲ್ಲ, ಇನ್ನು ನಿನ್ನ ನಂಬಬೇಕು ಅನ್ನಿಸ್ತು."