ಐವತ್ತನೆಯ ಸಲ

"ಈಗ ಏನಾದ್ರೂ ಔಷಧಿ ತಗೊಳ್ತಿದೀರಾ?" ಲಾಂಡ್ರಿಯಲ್ಲೇ ನಡೆದಿದ್ದ ಶಿಬಿರದಲ್ಲಿ ರಕ್ತದಾನದ ಅರ್ಜಿ ತುಂಬಿಸುತ್ತ ಡಾಕ್ಟ್ರಮ್ಮ ಕೇಳಿದರು.

ಇಸ್ತ್ರಿಯವನು ಪರದೆಯ ಕಡೆ ನೋಡಿದ. ಅದರಾಚೆ ಲಾಂಡ್ರಿಯ ಮಂದಿಯೆಲ್ಲ ಚಪ್ಪಾಳೆ ತಟ್ಟಲು ಕಾದು ನಿಂತಿದ್ದರು. ನಲವತ್ತೊಂಬತ್ತು ಸಲ ರಕ್ತ ಕೊಟ್ಟ ಅವರ 'ಹುಲಿ'ಗೆ ಇವತ್ತು ಐವತ್ತನೆಯದು. ಇಸ್ತ್ರಿಯ ಹಬೆಯಲ್ಲಿ ತೇಲಿ ಬರುತ್ತಿದ್ದ ಅವರ ಮಾತು, ಅರೆನಿದ್ದೆಯಲ್ಲಿ ಕೇಳುವ ಪಕ್ಕದ ಮನೆಯ ಮಾತಿನಂತೆ ಹಿತವಾಗಿತ್ತು. ಅಷ್ಟು ನಗುವಿನ ನಡುವೆಯೂ ಹೆಂಡತಿಯ ನಗು ಯಾವುದೆಂದು ಅವನಿಗೆ ಗೊತ್ತಾಗುತ್ತಿತ್ತು.

"ದಿನಕ್ಕೊಂದು ಮಾತ್ರೆ," ಎಂದು ದನಿ ತಗ್ಗಿಸಿದ. "ನನ್ನ ಹೆಂಡತಿಗೆ ಎಚ್‌ಐವಿ ಇದೆ. ಮದುವೆಗೆ ಮುಂಚೇನೇ ಹೇಳಿದ್ಲು. ಅವಳು ಅವಳ ಮಾತ್ರೆ ತಗೊಳ್ತಾಳೆ. ನನಗೆ ಅಂಟಬಾರದು ಅಂತ ನಾನು ನಂದು ತಗೊಳ್ತೀನಿ. ನಾಲ್ಕು ತಿಂಗಳಲ್ಲಿ ಒಂದು ದಿನಾನೂ ತಪ್ಪಿಸಿಲ್ಲ." ಆಮೇಲೆ ಹೆಮ್ಮೆಯಿಂದಲೇ ಕೇಳಿದ, "ಅಂದ್ಮೇಲೆ ಈ ಸಲದ ರಕ್ತ ಇನ್ನೂ ಭದ್ರ, ಅಲ್ವಾ?"

ಪಾಪ, ಅವನು ಹಾಗೇ ನಂಬಿಕೊಂಡು ಬಂದಿದ್ದ. ಸೋಪು ಬಟ್ಟೆಯನ್ನು ತೊಳೆದಂತೆ ಮಾತ್ರೆ ರಕ್ತವನ್ನು ತೊಳೆದಿಡುತ್ತದೆ ಎಂದು ಲಾಂಡ್ರಿಯವನಲ್ಲದೆ ಇನ್ಯಾರು ಎಣಿಸಿಯಾರು!

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟರು. "ಮಾತ್ರೆ ನಿಮ್ಮನ್ನ ಕಾಯುತ್ತೆ, ನಿಜ. ಆದ್ರೆ ಅಪ್ಪಿತಪ್ಪಿ ಸೋಂಕು ಒಳಗೆ ಬಂದಿದ್ರೆ, ಅದೇ ಮಾತ್ರೆ ನಮ್ಮ ಪರೀಕ್ಷೆಯ ಕಣ್ಣಿಗೆ ಮಣ್ಣೆರಚಬಹುದು. ಆ ರಕ್ತ ಹೋಗೋದು ಯಾರೋ ರೋಗಿಯ ಮೈಗೆ. ನೀವು ಒಂದನ್ನ ಬಿಡಲೇಬೇಕು."

ಅಷ್ಟು ಹೇಳಿ ಅರ್ಜಿಯ ಹಾಳೆ ಮಗುಚಿದರು. ಪರದೆ ನಿಧಾನವಾಗಿ ಉಬ್ಬಿ ಇಳಿಯಿತು. ಇಸ್ತ್ರಿಯವನಿಗೆ ಕೂತ ಕುರ್ಚಿಯೇ ನೆಲ ಬಿಟ್ಟು ಮೇಲೆದ್ದಂತಾಯಿತು. ಹೊರಗಿನ ಮಾತುಗಳು ಎಲ್ಲೋ ದೂರ ಸರಿದವು.

"ರಕ್ತ ಕೊಡೋದು ಬಿಡಿ," ಎಂದರು ಡಾಕ್ಟ್ರಮ್ಮ. "ಮಾತ್ರೆ ಮಾತ್ರ ಖಂಡಿತ ಬಿಡ್ಬೇಡಿ. ರಕ್ತ ಕೊಡೋಕೆ ಬೇರೆ ಜನ ಇದ್ದಾರೆ. ಹೊರಗೆ ನಾನು ಯಾರಿಗೂ ಏನೂ ಹೇಳಲ್ಲ."

ತೋಳಿಗೆ ಹತ್ತಿಯಿಲ್ಲದೆ ಹೊರಬಂದವನನ್ನು ಕಂಡು ಚಪ್ಪಾಳೆ ಅರ್ಧಕ್ಕೇ ನಿಂತಿತು.

"ಯಾಕೋ ಹುಲಿ, ಏನಾಯ್ತೋ?" ಲಾಂಡ್ರಿಯ ಹಿರಿಯಕ್ಕ ಕೇಳಿದಳು.

"ಹೆದರಿಬಿಟ್ಟೆ ಅಕ್ಕ."

"ಸೂಜಿಗಾ? ನಲವತ್ತೊಂಬತ್ತು ಸಲ ಚುಚ್ಚಿಸಿಕೊಂಡೋನು! ಮದುವೆಯಾಗಿ ನಾಲ್ಕೇ ತಿಂಗಳಿಗೆ ಹುಲಿ ಹೋಗಿ ಇಲಿ ಆಯ್ತಲ್ಲೋ!"

ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಕ್ಕ. ಹೆಂಡತಿ ಮಾತ್ರ ನಗಲಿಲ್ಲ.

ಮಧ್ಯಾಹ್ನ ಇಬ್ಬರೂ ಒಂದು ದೊಡ್ಡ ಹಾಸುಬಟ್ಟೆಯ ಎರಡು ತುದಿ ಹಿಡಿದು ಮಡಿಸುತ್ತಿದ್ದರು. ಬಟ್ಟೆ ಇನ್ನೂ ಬೆಚ್ಚಗಿತ್ತು. ಮಡಿಕೆಗೊಮ್ಮೆ ಹತ್ತಿರ ಬರುತ್ತಿದ್ದ ಅವಳು ಕೊನೆಯ ಮಡಿಕೆಗೆ ಹಿಂದೆ ಸರಿಯದೆ ಅಲ್ಲೇ ನಿಂತಳು. ಕಣ್ಣು ತುಂಬಿತ್ತು.

"ನನ್ನ ವಿಷಯ ಯಾರಿಗೂ ಗೊತ್ತಾಗಬಾರದು ಅಂತ ಸುಳ್ಳು ಹೇಳಿದ್ರಿ ಅಲ್ವಾ?"

"ಸುಳ್ಳಲ್ಲ ಕಣೇ, ಹೆದರಿದ್ದು ನಿಜ. 'ಒಂದನ್ನ ಬಿಡಲೇಬೇಕು' ಅಂದ್ರು ಡಾಕ್ಟ್ರಮ್ಮ. ಯಾವುದನ್ನ ಅಂತ ಹೇಳೋಕೆ ಮುಂಚೆ ಒಂದು ಗಳಿಗೆ ಸುಮ್ಮನಾದ್ರು ನೋಡು, ಆಗ. ಎಲ್ಲಿ ನಿನ್ನನ್ನೇ ಬಿಡು ಅಂತಾರೋ ಅಂತ."