ಮಸ್ಕತ್ತಿಗೆ ಹೋದ ಎಲೆಯಡಿಕೆ ಸಂಚಿ

ಸಂತೆಯಲ್ಲಿ ಅರವತ್ತು ರೂಪಾಯಿ ಹೇಳಿದ ಎಲೆಯಡಿಕೆ ಸಂಚಿಯನ್ನು ಚೌಕಾಸಿ ಮಾಡಿ ನಲವತ್ತಕ್ಕೆ ಕೊಂಡೆ. ಎಲೆ ಹಾಕುವ ಅಭ್ಯಾಸ ನನಗಿಲ್ಲ. ವಿದೇಶಕ್ಕೆ ಹೋಗುವಾಗ ಪಾಸ್‌ಪೋರ್ಟ್ ಇಡಲು ಬೇಕಿತ್ತು. ಅದರ ದಾರ ಎಳೆದಾಗ ತೊಂಬತ್ತರ ದಶಕದ ಒಂದು ಮಧ್ಯಾಹ್ನ ನೆನಪಾಯಿತು.

ಚಿಕ್ಕಪ್ಪ ಕ್ರೇನ್ ಓಡಿಸುವ ಕೆಲಸಕ್ಕೆ ಮಸ್ಕತ್ತಿಗೆ ಹೊರಟಿದ್ದ. ಪಾಸ್‌ಪೋರ್ಟು, ಟಿಕೆಟ್ಟು, ಡಾಲರು ಎಲ್ಲವನ್ನೂ ಸೂಟ್‌ಕೇಸಿನ ತಳದಲ್ಲಿಟ್ಟಿದ್ದ. ಅಜ್ಜಿ ತನ್ನ ಸಂಚಿ ಕೊಡಲು ಹೋದರೆ, “ಹೆಂಗುಸ್ರಂಗೆ ಸಂಚಿ ಸಿಗಿಸ್ಕಂಡು ಇಮಾನ ಅತ್ತದಾ, ಅವ್ವಾ?” ಎಂದು ನಕ್ಕ.

ಕಳಿಸಿಕೊಡಲು ಅಜ್ಜಿಯೂ ನಾನೂ ಪಾಂಡವಪುರದಿಂದ ಜೊತೆಗೆ ಹೊರಟೆವು. ಬೆಂಗಳೂರು ಬಸ್ಸು ಹಿಡಿಯಲು ಶ್ರೀರಂಗಪಟ್ಟಣದಲ್ಲಿ ಇಳಿದೆವು. ಟಾಪಿನ ಮೇಲಿದ್ದ ಸೂಟ್‌ಕೇಸ್ ಇಳಿಸುವ ಮೊದಲೇ ಬಸ್ಸು ಮೈಸೂರಿನತ್ತ ಹೊರಟುಹೋಯಿತು. ಚಿಕ್ಕಪ್ಪ ತಲೆಯ ಮೇಲೆ ಕೈ ಹೊತ್ತು ರಸ್ತೆಯಂಚಿನಲ್ಲೇ ಕುಕ್ಕರಿಸಿದ.

ಅಜ್ಜಿ ಸೊಂಟದಿಂದ ಸಂಚಿ ತೆಗೆದಳು. “ನೀನು ನೀರುಯ್ಕಳಾಕೆ ಓದಾಗ್ಲೇ ಎಲ್ಲಾನೂವೆ ಇದ್ರೊಳೀಕೆ ಮಡಿಕಂಡೆ ಕಣ್ಲಾ. ಬಟ್ಟೆ ತಾನೆ, ಓದ್ರೆ ಓಗ್ಲಿ ಬುಡು!”

ಸುಣ್ಣ ಮೆತ್ತಿದ ಪಾಸ್‌ಪೋರ್ಟನ್ನು ಚಿಕ್ಕಪ್ಪ ಕಣ್ಣಿಗೊತ್ತಿಕೊಂಡ. ಆಮೇಲೆ ಸಂಚಿಯನ್ನು ತಾನೇ ಕೇಳಿ ಇಸಿದುಕೊಂಡು ಅಂಗಿಯೊಳಗೆ ಕಟ್ಟಿಕೊಂಡ.

ಹೊರದೇಶಕ್ಕೆ ಹೊರಟಿದ್ದರೆ ಕೇಳಿ: ಪಾಸ್‌ಪೋರ್ಟು, ದುಡ್ಡು ಮೈಮೇಲಿರಲಿ, ಜೆರಾಕ್ಸ್ ಪ್ರತಿ ಪೆಟ್ಟಿಗೆಯಲ್ಲಿರಲಿ. ಸಂಚಿ ಕೊಳ್ಳುವಾಗ ದಾರ ಎಳೆದು ನೋಡಿ. ಸಡಿಲವಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.